ಬಾಲವಿಲ್ಲದ ದುಡ್ಡು

ಹೊರದೇಶದಲ್ಲಿ ದುಡಿಯುವವರು ಮನೆಗೆ ಎಷ್ಟು ಕಳಿಸುತ್ತಾರೆ ಎಂದು ಕೇಳಿಕೊಂಡು ಮನೆ ಮನೆ ತಿರುಗುವುದು ಅಕ್ಟೋಬರ್ ತಿಂಗಳಲ್ಲಿ ನನಗೆ ಸಿಗುವ ಕೆಲಸ. ಉಳಿದ ತಿಂಗಳುಗಳಲ್ಲಿ ಪೇಟೆಯಲ್ಲಿ ಒಣಮೀನು ಮಾರುತ್ತೇನೆ. ಎರಡಕ್ಕೂ ಬೇಕಾದದ್ದು ಒಂದೇ ವಿದ್ಯೆ. ಎದುರಿಗಿರುವವರು ಹೇಳಿದ್ದನ್ನು ನಂಬಿದ ಹಾಗೆ ಮುಖ ಮಾಡಿಕೊಂಡು, ನಿಜವಾಗಿ ಎಷ್ಟಿರಬಹುದು ಎಂದು ಒಳಗೊಳಗೇ ತೂಗುತ್ತಿರಬೇಕು.

ಸರ್ಕಾರದ ನೀಲಿ ಅಂಗಿ ತೊಟ್ಟು ಬಂದವಳಿಗೆ ಜನ ಕಡಿಮೆ ಹೇಳುತ್ತಾರೆ. ಹೆಚ್ಚು ಹೇಳಿದರೆ ಬಡವರಿಗೆ ಕೊಡುವ ನೆರವು ನಿಂತುಹೋದೀತು ಎಂಬ ಹೆದರಿಕೆ. ಅದೇ ಮನೆಯವರು ಪಕ್ಕದ ಮನೆಯವಳಿಗೆ ಎರಡರಷ್ಟು ಹೇಳಿರುತ್ತಾರೆ. ಹಾಗಾಗಿ ನಾನು ಮಾತಿಗಿಂತ ಮೊದಲು ಗೋಡೆ ನೋಡುತ್ತೇನೆ. ಇಟ್ಟಿಗೆ ಎಷ್ಟು ಸಾಲು ಎದ್ದಿದೆ, ಗಾರೆ ಆಗಿದೆಯೋ ಇಲ್ಲವೋ, ಮಹಡಿಗೆಂದು ಬಿಟ್ಟ ಕಬ್ಬಿಣದ ಸರಳಿಗೆ ತುಕ್ಕು ಹಿಡಿದಿದೆಯೋ. ಮಗಳು ಕಳಿಸಿದ್ದೆಷ್ಟು ಎಂದು ಗೋಡೆಯೇ ಹೇಳಿಬಿಡುತ್ತದೆ.

ಆ ಸಲ ನನ್ನ ಪಾಲಿಗೆ ಬಂದ ಊರು ಮಲಂದಾಗ್. ನಮ್ಮ ದ್ವೀಪದ ಆಂತೀಕೆ ಪ್ರಾಂತ್ಯದ ಕಡಲ ದಂಡೆಯ ಊರು. ನನ್ನ ಊರಿಂದ ಜೀಪಿನಲ್ಲಿ ಅರ್ಧ ಗಂಟೆ. ಕೆಲಸಕ್ಕೆ ಸೇರುವ ದಿನ ನಾವು ಬಲಗೈ ಎತ್ತಿ ಪ್ರಮಾಣ ಮಾಡಬೇಕು: ಒಂದು ಮನೆಯಲ್ಲಿ ಕೇಳಿದ ಉತ್ತರವನ್ನು ಇನ್ನೊಂದು ಮನೆಗೆ ಒಯ್ಯುವುದಿಲ್ಲ ಎಂದು. ಒಯ್ದದ್ದು ಗೊತ್ತಾದರೆ ಕೆಲಸವೂ ಹೋಗುತ್ತದೆ, ಜೈಲೂ ಆಗಬಹುದು. ಒಣಮೀನಿನವಳಿಗೆ ಬಾಯಿ ಕಟ್ಟುವುದು ಕಷ್ಟವೇ. ಆದರೂ ಅಷ್ಟು ವರ್ಷ ಕಟ್ಟಿಕೊಂಡೇ ಬಂದಿದ್ದೆ.

ಶುಕ್ರವಾರ ಬೆಳಗ್ಗೆ ನಾನಾಯ್ ಉರ್ಸಿಂಗಳ ಮನೆಗೆ ಹೋದೆ. ನಾನಾಯ್ ಎಂದರೆ ಅಮ್ಮ; ಊರಿಗೆಲ್ಲ ಅವಳು ಹಾಗೆಯೇ. ಎಪ್ಪತ್ತರ ಹತ್ತಿರದ ಹೆಂಗಸು. ಎಳೆಯ ತೆಂಗಿನ ಗರಿಯನ್ನು ಕೊಟ್ಟೆಯ ಹಾಗೆ ಸುತ್ತಿ, ಅದರೊಳಗೆ ಅಂಟಕ್ಕಿ ತುಂಬಿ ಬೇಯಿಸುವ ಇಬೋಸ್ ಮಾಡಿ ಸಂತೆಯಲ್ಲಿ ಮಾರುವವಳು. ಅಂಗಳದಲ್ಲಿ ಕೂತು ಗರಿ ಸುತ್ತುತ್ತಿದ್ದಳು. ಮನೆಯ ಮುಂದಿನ ಗೋಡೆ ಹೊಸದು, ಹಿಂದಿನದು ಇನ್ನೂ ಬಿದಿರಿನದು.

"ಬಾ ಇಂದಾಯ್, ಕೂತ್ಕೋ" ಎಂದಳು. ಐವತ್ತು ದಾಟಿದ ನನ್ನನ್ನು ಹುಡುಗಿ ಎಂದು ಕರೆಯುವವರು ಈಗ ಹೆಚ್ಚು ಉಳಿದಿಲ್ಲ, ನನಗೆ ಖುಷಿಯಾಯಿತು. "ತಿಂಡಿ ಆಯ್ತಾ? ಆಗಿದ್ರೂ ತಿನ್ನು. ಸರ್ಕಾರದೋರಿಗೆ ಹೊಟ್ಟೆ ತುಂಬಿಸಿದ್ರೆ ಪ್ರಶ್ನೆ ಕಡಿಮೆ ಕೇಳ್ತಾರೆ."

"ಪ್ರಶ್ನೆ ಅಷ್ಟೇ ಇರುತ್ತೆ ನಾನಾಯ್. ನಿದ್ದೆ ಬರುತ್ತೆ ಅಷ್ಟೆ."

ಮಗಳು ಗ್ಲೆಂಡಾ ಕುವೈತಿನಲ್ಲಿ ಮನೆಗೆಲಸಕ್ಕಿದ್ದಾಳೆ. ಹೋಗಿ ಒಂದು ವರ್ಷವಾಗುತ್ತ ಬಂತು ಎಂದಳು. ಏಪ್ರಿಲಿನಿಂದ ಸೆಪ್ಟೆಂಬರ್‌ವರೆಗೆ ತಿಂಗಳು ತಿಂಗಳು ಎಷ್ಟು ಬಂತು ಎಂದು ಕೇಳಿದೆ. ಬೇರೆ ಮನೆಗಳಲ್ಲಿ ಈ ಪ್ರಶ್ನೆಗೆ ತಲೆ ಕೆರೆದುಕೊಳ್ಳುತ್ತಾರೆ. ಉರ್ಸಿಂಗ್ ಸಂತೆಯ ಹೆಂಗಸು. ಗರಿಯಿಂದ ಕಣ್ಣೆತ್ತದೆ ಹೇಳಿದಳು.

"ಏಪ್ರಿಲ್‌ನಲ್ಲಿ ಒಂಬತ್ತು ಸಾವಿರದ ಎಂಟುನೂರ ಎಪ್ಪತ್ತು. ಮೇನಲ್ಲಿ ಹತ್ತು ಸಾವಿರದ ಮುನ್ನೂರ ನಲವತ್ತು. ಜೂನ್ ಹತ್ತು ಸಾವಿರ. ಜುಲೈ ಹತ್ತು ಸಾವಿರ. ಆಗಸ್ಟ್ ಹತ್ತು ಸಾವಿರ. ಹೋದ ತಿಂಗಳೂ ಹತ್ತು ಸಾವಿರ."

ಟ್ಯಾಬ್ಲೆಟ್ಟಿನ ಫಾರ್ಮಿನಲ್ಲಿ ಅಂಕಿ ಒತ್ತುತ್ತಿದ್ದ ನನ್ನ ಬೆರಳು ಅಲ್ಲೇ ನಿಂತಿತು.

ನನ್ನ ಗಂಡ ಬದುಕಿದ್ದಾಗ ಹನ್ನೆರಡು ವರ್ಷ ಸೌದಿಯಲ್ಲಿದ್ದ. ಅಲ್ಲಿಂದ ಬರುವ ದುಡ್ಡಿಗೆ ಯಾವಾಗಲೂ ಒಂದು ಬಾಲವಿರುತ್ತಿತ್ತು. ಅವನು ಕಳಿಸುತ್ತಿದ್ದುದು ಅಲ್ಲಿಯ ದುಡ್ಡಿನ ಲೆಕ್ಕದಲ್ಲಿ. ಅದು ಪೆಸೊ ಆಗಿ ನನ್ನ ಕೈಗೆ ಬರುವಾಗ ಆವತ್ತಿನ ದರದ ಮೇಲೆ ಒಮ್ಮೆ ಮುನ್ನೂರ ಹನ್ನೆರಡು, ಒಮ್ಮೆ ಎಂಟುನೂರ ಆರು ಎಂದು ಜೋತಾಡುತ್ತಿತ್ತು. ಆ ಬಾಲದಲ್ಲೇ ನಾನು ಸಾಬೂನು ಕೊಳ್ಳುತ್ತಿದ್ದೆ. ತಿಂಗಳ ಮೇಲೆ ತಿಂಗಳು ಹತ್ತು ಸಾವಿರ, ಬಾಲವೇ ಇಲ್ಲದ ಹತ್ತು ಸಾವಿರ, ಕಡಲು ದಾಟಿ ಬರುವುದಿಲ್ಲ.

"ಮೊದಲೆರಡು ತಿಂಗಳದ್ದು ಪೇಟೆ ಕೌಂಟರಲ್ಲಿ ತಗೊಂಡ್ರಾ?" ಎಂದೆ, ದನಿ ಹಗುರ ಮಾಡಿಕೊಂಡು.

"ಹ್ಞೂ. ಆಮೇಲೆ ಮ್ಯಾಡಂ ಲೋರ್ಲೈ ತಂದ್ಕೊಡ್ತಾರೆ. ಗ್ಲೆಂಡಾನ ಕಳಿಸಿದ ಏಜೆನ್ಸಿಯವರು. ಮೊದಲ ಸೋಮವಾರ ತಪ್ಪಿಸಲ್ಲ. ಅವಳು ಅವರ ಆಫೀಸ್ ಮೂಲಕ ಕಳಿಸ್ತಾಳಂತೆ, ಖರ್ಚು ಉಳಿಯುತ್ತೆ ಅಂತ. ನನಗೂ ಜೀಪಿನ ದುಡ್ಡು ಉಳೀತು. ಒಳ್ಳೆ ಹೆಂಗಸು, ಒಂದು ಇಬೋಸ್ ಕೊಟ್ರೆ ಎರಡು ಕೇಳ್ತಾರೆ. ಈ ತಿಂಗಳು ಏನೋ ಕೆಲಸ ಇತ್ತಂತೆ, ಬರೋ ಸೋಮವಾರ ಬರ್ತೀನಿ ಅಂದಿದ್ದಾರೆ."

"ಮಗಳು ಫೋನ್ ಮಾಡ್ತಾಳಾ?"

ಆ ಪ್ರಶ್ನೆ ನನ್ನ ಫಾರ್ಮಿನಲ್ಲಿ ಇರಲಿಲ್ಲ. ಉರ್ಸಿಂಗ್ ಇನ್ನೊಂದು ಗರಿ ಎತ್ತಿಕೊಂಡಳು.

"ಮನೆ ಯಜಮಾನಿ ಫೋನ್ ಇಸ್ಕೊಂಡಿದಾಳಂತೆ, ಮ್ಯಾಡಂ ಹೇಳಿದ್ರು. ಭಾನುವಾರ ಒಂದಿಷ್ಟು ಹೊತ್ತು ಕೊಡ್ತಾಳಂತೆ. ಆ ಹೊತ್ತಲ್ಲಿ ಗಂಡನಿಗೆ ಮಾಡ್ತಿರ್ಬೇಕು. ಗಂಡ ಅಂದ್ಮೇಲೆ ಗಂಡನೇ ಅಲ್ವಾ. ನನಗೇನು, ದುಡ್ಡು ಬರ್ತಿದೆ. ದುಡ್ಡು ಬರ್ತಿದೆ ಅಂದ್ರೆ ಹುಡುಗಿ ಚೆನ್ನಾಗಿದಾಳೆ ಅಂತ ತಾನೇ?"

ನಾನು ಇಬೋಸ್ ಬಾಯಿಗಿಟ್ಟುಕೊಂಡೆ.

ಗಂಡನ ಮನೆ ಬಾಸ್ಕೆಟ್‌ಬಾಲ್ ಅಂಗಳದ ಆಚೆ. ಅದೂ ನನ್ನ ಪಟ್ಟಿಯಲ್ಲೇ ಇತ್ತು. ಜೋವೆನ್ ಮೂವತ್ತೈದರ ಗಟ್ಟಿ ಆಳು. ಮೋಟಾರ್‌ಸೈಕಲ್ಲಿಗೆ ಪಕ್ಕದಲ್ಲಿ ಗೂಡು ಜೋಡಿಸಿದ ತ್ರಿಚಕ್ರವನ್ನು ಬಾಡಿಗೆಗೆ ಓಡಿಸುತ್ತಾನೆ. ನಾನು ಹೋದಾಗ ತೊಡೆಯ ಮೇಲೆ ಹುಂಜ ಕೂರಿಸಿಕೊಂಡು ಅದರ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದ.

"ಕೂತ್ಕೊಳ್ಳಿ ಮನಾಂಗ್" ಎಂದ, ಅಕ್ಕ ಎನ್ನುವ ಹಾಗೆ. "ಬರ್ಕೊಳ್ಳಿ, ಮನೇಲಿ ಇಬ್ಬರು. ನಾನು, ನನ್ನ ಹೆಂಡತಿ ಗ್ಲೆಂಡಾ. ಅವಳು ಕುವೈತ್‌ನಲ್ಲಿ."

"ಎಷ್ಟು ಕಳಿಸ್ತಾಳೆ?"

"ಸೊನ್ನೆ." ಹುಂಜದ ಬೆನ್ನು ಸವರಿದ. "ಎಲ್ಲಾ ಅವರಮ್ಮನ ಮನೆಗೆ. ಹೋಗೋವಾಗ್ಲೇ ದುಡ್ಡು ತಗೊಳ್ಳೋರ ಹೆಸರಲ್ಲಿ ಅಮ್ಮನ ಹೆಸರು ಬರೆಸಿದ್ಲು. ಗಂಡನ ಕೈಗೆ ಕೊಟ್ರೆ ಕೋಳಿ ಅಂಕಕ್ಕೆ ಹಾಕ್ತಾನೆ ಅಂತ ಆ ಮುದುಕಿ ಕಿವಿಯೂದಿತ್ತು. ಆಮೇಲಿಂದ ನಾನು ಆ ಬಾಗಿಲು ಮೆಟ್ಟಿಲ್ಲ."

"ಕೋಳಿ ಅಂಕಕ್ಕೆ ಹಾಕ್ತೀಯಾ?"

"ಭಾನುವಾರ ಮಾತ್ರ" ಎಂದು ನಕ್ಕ. ಆಮೇಲೆ ನಗು ತಾನಾಗಿ ಇಳಿಯಿತು. "ಅವಳು ಮೊದಲು ಫೋನ್ ಮಾಡ್ತಿದ್ಲು ಮನಾಂಗ್. ಜೂನ್‌ನಿಂದ ಇಲ್ಲ. ಮೆಸೇಜ್ ಹಾಕ್ತೀನಿ, ಹೋಗೋದೇ ಇಲ್ಲ. ನನ್ನ ಬ್ಲಾಕ್ ಮಾಡಿದಾಳೆ ಅನ್ಸುತ್ತೆ. ಅಮ್ಮನ ಹತ್ರ ಮಾತಾಡ್ತಾ ಇರ್ತಾಳೆ ಬಿಡಿ. ಅಲ್ಲಿ ಗೋಡೆ ಎದ್ದಿದೆ ನೋಡಿದ್ರಲ್ಲ."

ನಾನು ಎದ್ದು ಕಡಲ ತಡೆಗೋಡೆಯ ಕಡೆ ನಡೆದೆ. ಗಾಳಿ ಜೋರಾಗಿತ್ತು. ತಾಯಿ, ಅವಳು ಗಂಡನ ಹತ್ತಿರ ಮಾತಾಡುತ್ತಾಳೆ ಎಂದುಕೊಂಡಿದ್ದಾಳೆ. ಗಂಡ, ಅವಳು ತಾಯಿಯ ಹತ್ತಿರ ಮಾತಾಡುತ್ತಾಳೆ ಎಂದುಕೊಂಡಿದ್ದಾನೆ. ಎರಡು ಮನೆಯ ಮುನಿಸಿನ ಸಂದಿನಲ್ಲಿ ಒಬ್ಬ ಹುಡುಗಿ ಜೂನ್ ತಿಂಗಳಿಂದ ಬಿದ್ದುಹೋಗಿದ್ದಾಳೆ, ಅವಳನ್ನು ಹುಡುಕಲು ಯಾರೂ ಹೊರಟಿಲ್ಲ. ಯಾರೋ ತಿಂಗಳಿಗೆ ಹತ್ತು ಸಾವಿರ ಕೊಟ್ಟು, ಹುಡುಕದಂತೆ ನೋಡಿಕೊಳ್ಳುತ್ತಿದ್ದಾರೆ.

ಅಥವಾ ನನ್ನ ತಲೆಯೇ ಕೆಟ್ಟಿರಬಹುದು. ಏಜೆನ್ಸಿಯವಳು ಬಾಲ ಕತ್ತರಿಸಿ ತನ್ನ ಜೇಬಿಗೆ ಹಾಕಿಕೊಳ್ಳುತ್ತಿರಬಹುದು, ಅಂಥವರು ಬೇಕಾದಷ್ಟಿದ್ದಾರೆ. ಹುಡುಗಿ ನಿಜವಾಗಿಯೂ ಗಂಡನ ಮೇಲೆ ಮುನಿಸಿಕೊಂಡಿರಬಹುದು. ನಾನು ಹೋಗಿ ತಾಯಿಯ ಎದೆಗೆ ಬೆಂಕಿಯಿಟ್ಟು, ಆಮೇಲೆ ಏನೂ ಇಲ್ಲ ಎಂದಾದರೆ? ಇರಲಿ, ಏನೂ ಇಲ್ಲ ಎಂದಾದರೆ ಒಳ್ಳೆಯದೇ ಆಯಿತಲ್ಲ. ನನ್ನನ್ನು ತಿನ್ನುತ್ತಿದ್ದುದು ಇನ್ನೊಂದು ಯೋಚನೆ: ಸುಮ್ಮನಿದ್ದು, ಏನೋ ಇದೆ ಎಂದಾದರೆ? ಆದರೆ ಪ್ರಮಾಣ ಮಾಡಿದ್ದೇನೆ. ಈ ಮನೆಯ ಮಾತು ಆ ಮನೆಗೆ ಹೇಳುವ ಹಾಗಿಲ್ಲ.

ಮೇಲ್ವಿಚಾರಕನಿಗೆ ಫೋನ್ ಮಾಡಿದೆ. ನೆಲ್ಸಿತೊ ಎಂಬ ಹುಡುಗ. ಒಳ್ಳೆಯವನೇ, ಆದರೆ ಸದಾ ಅವಸರ.

"ಸರ್, ಒಬ್ಬಳೇ ಹೆಂಗಸನ್ನ ಎರಡು ಮನೆಯವರೂ ನಮ್ಮೋಳು ಅಂತ ಬರೆಸಿದಾರೆ. ತಾಯೀನೂ, ಗಂಡನೂ."

"ಆಗಲ್ಲ ಮನಾಂಗ್ ದೆಲಿಂಗ್. ಒಬ್ಬರು ಒಂದೇ ಮನೇಲಿ. ಇಲ್ಲಾಂದ್ರೆ ದೇಶದಲ್ಲಿ ಇಲ್ದೇ ಇರೋ ಜನ ಹುಟ್ಕೊಳ್ತಾರೆ. ತೀರ್ಮಾನ ಮಾಡಿ ಇವತ್ತೇ ಕಳಿಸಿ."

"ತೀರ್ಮಾನ ಮಾಡೋಕೆ ಇಬ್ಬರನ್ನೂ ಒಂದೇ ಕಡೆ ಕೂರಿಸ್ಬೋದಾ?"

"ಅವರಾಗಿ ಒಪ್ಪಿದ್ರೆ ಕೂರ್ಸಿ. ನೀವು ಪ್ರಶ್ನೆ ಮಾತ್ರ ಕೇಳಿ. ಒಬ್ಬರ ಉತ್ತರ ಇನ್ನೊಬ್ಬರಿಗೆ ಹೇಳಬೇಡಿ."

"ನಾನ್ಯಾಕೆ ಹೇಳಲಿ ಸರ್" ಎಂದೆ. ಅವರೇ ಹೇಳಿಕೊಳ್ಳುತ್ತಾರೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಉರ್ಸಿಂಗಳನ್ನು ಒಪ್ಪಿಸುವುದು ಸುಲಭವಾಯಿತು. ತನ್ನ ಮನೆಯಲ್ಲೇ ಆದರೆ ಯಾರು ಬಂದರೂ ಬರಲಿ ಎಂದಳು. ಜೋವೆನ್ ಕಾಲೂರಿ ನಿಂತ.

"ಆ ಮನೆಗೆ? ನಾನಾ? ನನ್ನ ಹೆಣ ಹೋಗ್ಬೇಕು."

"ಸರಿ ಬಿಡು ತೊತೊ" ಎಂದೆ, ಚಿಕ್ಕ ಹುಡುಗನನ್ನು ಕರೆಯುವ ಹಾಗೆ. "ಹಾಗಾದ್ರೆ ಗ್ಲೆಂಡಾ ತಾಯಿ ಮನೆಯೋಳು ಅಂತ ಬರ್ಕೊಳ್ತೀನಿ. ನಿನ್ನ ಮನೇಲಿ ನೀನೊಬ್ನೇ ಅಂತ ಹಾಕ್ತೀನಿ. ಹುಂಜಕ್ಕೆ ಬೇರೆ ಕಾಲಂ ಇಲ್ಲ."

ಅವನು ಹುಂಜವನ್ನು ಗೂಟಕ್ಕೆ ಕಟ್ಟಿದ. ಅಂಗಿ ಹಾಕಿಕೊಂಡು ಹೊರಟ.

ಅವನನ್ನು ಅಂಗಳದಲ್ಲಿ ಕಂಡದ್ದೇ ಉರ್ಸಿಂಗ್ ಗರಿ ಕೆಳಗಿಟ್ಟಳು. "ಓಹೋ. ಕೋಳಿ ದೊರೆ ದಾರಿ ತಪ್ಪಿ ಬಂದ್ರಾ? ಕೂರೋಕೆ ಕುರ್ಚಿ ಇದೆ. ಗೂಡಿಲ್ಲ, ಕ್ಷಮಿಸ್ಬೇಕು."

"ನನ್ನ ಕೋಳಿ ನಿಮ್ಮನೆ ಅಕ್ಕಿ ತಿಂದಿಲ್ಲ ನಾನಾಯ್. ನಿಮ್ಮ ಗೋಡೆ ಮಾತ್ರ ನನ್ನ ಹೆಂಡ್ತಿ ಬೆವರು ತಿಂದು ಎತ್ತರ ಆಗಿದೆ."

"ಗೋಡೆ ಎತ್ತರ ಆಗಿದ್ರೆ ಆಗ್ಲಿ, ಜೂಜಿಗೆ ಹೋಗಿಲ್ವಲ್ಲ."

"ಜಗಳಕ್ಕೆ ಆಮೇಲೆ ಬೇಕಾದಷ್ಟು ಹೊತ್ತಿದೆ" ಎಂದೆ. "ಇಬ್ಬರ ಮುಂದೇನೇ ಕೇಳ್ತೀನಿ. ಇಷ್ಟ ಇದ್ರೆ ಉತ್ತರ ಹೇಳಿ. ಹೇಳ್ಲೇಬೇಕು ಅಂತೇನಿಲ್ಲ. ಏಪ್ರಿಲಿಂದ ಈಚೆ ಗ್ಲೆಂಡಾ ಎಷ್ಟು ಕಳಿಸಿದ್ಲು?"

ಉರ್ಸಿಂಗ್ ದನಿ ಎತ್ತರಿಸಿ ಬೆಳಗಿನ ಅಂಕಿಗಳನ್ನೇ ಮತ್ತೆ ಹೇಳಿದಳು, ಅಳಿಯನಿಗೆ ಕೇಳಲಿ ಎಂದು ಒಂದೊಂದನ್ನೂ ಎಳೆದೆಳೆದು. ಏಜೆನ್ಸಿಯವಳು ತಂದುಕೊಡುವುದನ್ನೂ ಹೇಳಿದಳು. ಜೋವೆನ್ ಮೊದಲು ನೆಲ ನೋಡುತ್ತಿದ್ದ. ಮೂರನೆಯ ಹತ್ತು ಸಾವಿರಕ್ಕೆ ತಲೆಯೆತ್ತಿದ. ತ್ರಿಚಕ್ರದವನಿಗೂ ಚಿಲ್ಲರೆಯ ಲೆಕ್ಕ ಗೊತ್ತು.

"ಸರಿಯಾಗಿ ಹತ್ತೇನಾ? ಚಿಲ್ಲರೆ?"

"ಚಿಲ್ಲರೆ ಯಾಕೆ ಬೇಕು ನಿನಗೆ? ಪಣಕ್ಕಾ?"

"ಅದಲ್ಲ ನಾನಾಯ್. ಅವಳು ದಿನಾರ್ ಲೆಕ್ಕದಲ್ಲಿ ಕಳಿಸೋದು. ದರ ದಿನಾ ಏರುತ್ತೆ, ಇಳಿಯುತ್ತೆ. ಪ್ರತೀ ತಿಂಗಳೂ ಹೇಗೆ ದುಂಡಗೆ ಹತ್ತು ಬರುತ್ತೆ?"

ಉರ್ಸಿಂಗ್ ಬೆರಳು ಮಡಚಿ ತಿಂಗಳು ಎಣಿಸಿದಳು.

"ಅವಳು ನಿಮಗೆ ಯಾವಾಗ ಫೋನ್ ಮಾಡಿದ್ಲು?" ಎಂದ.

"ನನಗೆಲ್ಲಿ ಮಾಡ್ತಾಳೆ? ನಿನಗೆ ತಾನೇ ಮಾಡೋದು?"

"ನನಗಾ?"

ಒಲೆಯ ಮೇಲೆ ಇಬೋಸ್ ಬೇಯುವ ಪಾತ್ರೆಯ ಮುಚ್ಚಳ ಕುಣಿಯುತ್ತಿತ್ತು. ಉರ್ಸಿಂಗ್ ನನ್ನ ಕಡೆ ತಿರುಗಿದಳು. ಏನಾದರೂ ಹೇಳು ಎನ್ನುವಂಥ ನೋಟ. ನನ್ನ ಬಾಯಿಗೆ ಪ್ರಮಾಣದ ಬೀಗ. ನನಗಿದ್ದದ್ದು ಪ್ರಶ್ನೆ ಕೇಳುವ ಅಧಿಕಾರ ಮಾತ್ರ. ಅದನ್ನೇ ಕೇಳಿದೆ.

"ಜೂನ್‌ನಿಂದ ಈಚೆಗೆ ಬಂದ ದುಡ್ಡು ಹೊರದೇಶದಿಂದ ಬಂದಿದ್ದು ಅಂತ ಬರೀಲಾ ನಾನಾಯ್?"

"ಬರಿ" ಎಂದಳು. "ಹತ್ತು ಸಾವಿರ ಅಂತ ಬರಿ."

"ನಾನಾಯ್, ಅದು ಅವಳ ದುಡ್ಡಲ್ಲ" ಎಂದ ಜೋವೆನ್.

"ಅವಳದ್ದೇ! ಸೊನ್ನೆ ಬರೀಬೇಡ ಇಂದಾಯ್. ನೀನು ಸೊನ್ನೆ ಬರೆದ್ರೆ ಜೂನ್‌ನಿಂದ ನನ್ನ ಮಗಳು ಎಲ್ಲಿದಾಳೆ? ಹೇಳು, ಎಲ್ಲಿದಾಳೆ?"

ನಾನು ಬರೆಯಲಿಲ್ಲ. ಟ್ಯಾಬ್ಲೆಟ್ ಚೀಲಕ್ಕೆ ಹಾಕಿದೆ. ಇದು ಈಗ ಫಾರ್ಮಿನ ಕೆಲಸವಲ್ಲ ಎಂದು ಮೂವರಿಗೂ ಗೊತ್ತಾಗಿತ್ತು. ಜೋವೆನ್ ತ್ರಿಚಕ್ರ ತರಲು ಓಡಿದ. ಪುರಸಭೆ ಮುಚ್ಚುವುದರೊಳಗೆ ಅಲ್ಲಿರಬೇಕಿತ್ತು.

ಪುರಸಭೆಯಲ್ಲಿ ಹೊರದೇಶದ ಕೆಲಸಗಾರರಿಗೆಂದು ಒಂದು ಮೇಜಿದೆ. ಅಲ್ಲಿದ್ದ ಹೆಂಗಸು, ಮಿಸೆಸ್ ಹಿಮೇನೆಸ್, ಕನ್ನಡಕ ತೆಗೆದು ಒರೆಸಿ ಎಲ್ಲವನ್ನೂ ಕೇಳಿದಳು. ಪಾಸ್‌ಪೋರ್ಟ್ ನಂಬರು, ಏಜೆನ್ಸಿಯ ಹೆಸರು, ಜೋವೆನ್‌ನ ಫೋನ್ ನಂಬರು ಬರೆದುಕೊಂಡು, ಇಲೋಇಲೋ ನಗರದ ದೊಡ್ಡ ಕಚೇರಿಯ ಮೂಲಕ ಕುವೈತಿನ ನಮ್ಮ ರಾಯಭಾರಿ ಕಚೇರಿಯಲ್ಲಿ ವಿಚಾರಿಸುತ್ತೇನೆ ಎಂದಳು. ಇಂಥವು ಅವಳಿಗೆ ಹೊಸದಲ್ಲ ಎಂದು ಮುಖ ಹೇಳುತ್ತಿತ್ತು. ಅದರಿಂದ ಧೈರ್ಯ ಬರಬೇಕಿತ್ತು. ನನಗೆ ಇನ್ನಷ್ಟು ಹೆದರಿಕೆಯಾಯಿತು.

"ಉತ್ತರ ಬರೋಕೆ ನಾಲ್ಕೈದು ದಿನ ಆಗಬಹುದು" ಎಂದಳು. "ಒಂದು ಮಾತು ನೆನಪಿಟ್ಕೊಳ್ಳಿ. ಅಲ್ಲೀತನಕ ಆ ಏಜೆನ್ಸಿ ಹೆಂಗಸಿಗೆ ನಿಮಗೆ ಅನುಮಾನ ಬಂದಿದೆ ಅಂತ ತಿಳೀಬಾರದು. ತಿಳಿದ್ರೆ ಅವರು ಹುಡುಗೀನ ಬೇರೆ ಮನೆಗೋ ಬೇರೆ ಊರಿಗೋ ಸಾಗಿಸಿಬಿಡ್ತಾರೆ. ಆಮೇಲೆ ಹುಡುಕೋದು ಕಷ್ಟ."

"ಯಾಕೆ ಕೊಡ್ತಾರೆ ದುಡ್ಡು?" ಎಂದು ಕೇಳಿದ ಜೋವೆನ್. "ಅಷ್ಟೊಂದು ಯಾಕೆ ಸುರೀತಾರೆ?"

"ಮನೆಯವರು ದೂರು ಕೊಟ್ರೆ ಅವರ ಲೈಸೆನ್ಸ್‌ಗೆ ಕುತ್ತು ಬರುತ್ತೆ. ಅದರ ಮುಂದೆ ಹತ್ತು ಸಾವಿರ ಯಾವ ಲೆಕ್ಕ?"

ಉರ್ಸಿಂಗ್ ವಾಪಸು ಬರುವಾಗ ತ್ರಿಚಕ್ರದ ಪಕ್ಕದ ಗೂಡಿನಲ್ಲಿ ನನ್ನ ಕೈ ಹಿಡಿದು ಕೂತಿದ್ದಳು. ಗರಿ ಸುತ್ತಿ ಸುತ್ತಿ ಒರಟಾದ ಬೆರಳು. ಊರು ಬರುವವರೆಗೂ ಹಿಡಿತ ಸಡಿಲಿಸಲಿಲ್ಲ.

ಶನಿವಾರ, ಭಾನುವಾರ ಹೇಗೆ ಕಳೆದವೋ. ನೆಲ್ಸಿತೊ ಎರಡು ಸಲ ಫೋನ್ ಮಾಡಿದ. "ಮಲಂದಾಗ್‌ನ ಎರಡು ಮನೆ ಬಾಕಿ ಇದೆ ಮನಾಂಗ್. ಒಂದು ಹೆಂಗಸನ್ನ ಒಂದು ಮನೇಲಿ ಇಡೋಕೆ ಎಷ್ಟು ದಿನ ಬೇಕು?" ಹೊಟ್ಟೆ ಕೆಟ್ಟಿದೆ ಎಂದೆ. ಭಾನುವಾರ ಚರ್ಚಿನ ಪೂಜೆಗೆ ಮೊಣಕಾಲೂರಿದಾಗಲೂ ನನ್ನ ಕಣ್ಣ ಮುಂದೆ ಇದ್ದದ್ದು, ಮುಖ ಗೊತ್ತಿಲ್ಲದ ಆ ಹುಡುಗಿಯೇ. ಬಾಗಿಲು ಹಾಕಿದ ಯಾವುದೋ ಮನೆ, ಆಸ್ಪತ್ರೆಯ ಮಂಚ, ಅದಕ್ಕಿಂತ ಕೆಟ್ಟದ್ದು. ಇದಕ್ಕಿಂತ ಮುಂದಕ್ಕೆ ಯೋಚಿಸದಂತೆ ಮನಸ್ಸನ್ನು ಕಟ್ಟಿಹಾಕುತ್ತಿದ್ದೆ; ಅದು ಹಗ್ಗ ಬಿಚ್ಚಿಕೊಂಡು ಓಡುತ್ತಿತ್ತು.

ಸೋಮವಾರ ಬೆಳಗ್ಗೆ ಇಬೋಸ್ ಕೊಳ್ಳುವ ನೆಪದಲ್ಲಿ ಉರ್ಸಿಂಗಳ ಮನೆಗೆ ಹೋದೆ. ನೀಲಿ ಅಂಗಿ ಹಾಕಿರಲಿಲ್ಲ. ಜೋವೆನ್ ಬರಬಾರದು ಎಂದು ನಾವಿಬ್ಬರೂ ಮೊದಲೇ ಹೇಳಿದ್ದೆವು. ಅವನ ಮುಖ ಗುಟ್ಟು ಇಟ್ಟುಕೊಳ್ಳುವಂಥದ್ದಲ್ಲ.

ಮ್ಯಾಡಂ ಲೋರ್ಲೈ ಮೋಟಾರ್‌ಸೈಕಲ್ ಹಿಂದೆ ಕೂತು ಬಂದಳು. ಬಿಳಿ ಶೂ, ಕೈತುಂಬ ಬಳೆ, ನಗುಮುಖ. ಲಕೋಟೆ ಕೊಟ್ಟು ಸಹಿ ಹಾಕಿಸಿಕೊಂಡಳು.

"ನಿಮ್ಮ ಮಗಳು ಬಂಗಾರ ನಾನಾಯ್. ಯಜಮಾನಿ ಬಹಳ ಇಷ್ಟಪಡ್ತಾಳಂತೆ. ಎಲ್ಲಾರ್ಗೂ ನಮಸ್ಕಾರ ಹೇಳಿ ಅಂದಿದಾಳೆ."

"ಹೌದಾ" ಎಂದಳು ಉರ್ಸಿಂಗ್. "ದಪ್ಪ ಆಗಿದಾಳಂತಾ?"

"ಹ್ಞೂ, ಸ್ವಲ್ಪ."

"ಚಿಕ್ಕವಳಿದ್ದಾಗ ಅಂಟಕ್ಕಿ ಅಂದ್ರೆ ಪ್ರಾಣ ಬಿಡ್ತಿದ್ಲು. ನೀವೂ ಎರಡು ತಗೊಳ್ಳಿ ಮ್ಯಾಡಂ. ಬಿಸಿ ಇದೆ." ಕಾಗದದಲ್ಲಿ ಸುತ್ತಿ ಕೊಟ್ಟಳು. ನಾನು ತೆಂಗಿನ ಮರದ ಕಡೆ ಮುಖ ಮಾಡಿ ನಿಂತಿದ್ದೆ, ಮುಖ ಕಾಣದಿರಲಿ ಎಂದು.

"ಇವರು ಯಾರು?" ಎಂದಳು ಮ್ಯಾಡಂ.

"ಒಣಮೀನಿನೋಳು. ತೂಕದಲ್ಲಿ ಮೋಸ ಮಾಡ್ತಾಳೆ, ನೀವು ತಗೋಬೇಡಿ."

ಮ್ಯಾಡಂ ನಕ್ಕಳು. ಮೋಟಾರ್‌ಸೈಕಲ್ ರಸ್ತೆ ತಿರುಗಿ ಶಬ್ದ ಕೇಳದಾದ ಮೇಲೆ ಉರ್ಸಿಂಗ್ ಮೆಟ್ಟಿಲ ಮೇಲೆ ಕುಸಿದಳು. ಲಕೋಟೆಯನ್ನು ತೆರೆಯಲಿಲ್ಲ, ಒಳಗೂ ಒಯ್ಯಲಿಲ್ಲ. ಹೇಲು ಮುಟ್ಟಿದವಳಂತೆ ಕೈಯನ್ನು ನಿಲುವಂಗಿಗೆ ಒರೆಸಿಕೊಂಡಳು.

"ಅವಳು ಒಂದು ಸಲಾನೂ ಗ್ಲೆಂಡಾ ಅಂತ ಹೆಸರು ಹೇಳ್ಲಿಲ್ಲ ನೋಡಿದ್ಯಾ? ಯಾರ ಮನೆಗೆ ಹೋದ್ರೂ ಅದೇ ಮಾತು ಹೇಳ್ತಾಳೆ ಅನ್ಸುತ್ತೆ."

ನನಗೂ ಹಾಗೇ ಅನ್ನಿಸಿತ್ತು. ಇನ್ನೆಷ್ಟು ಮನೆಗಳಿಗೋ ಎಂದೂ ಅನ್ನಿಸಿತ್ತು.

"ಫಾರ್ಮು ತಂದಿದ್ಯಾ?"

"ಚೀಲದಲ್ಲಿದೆ."

"ಸೊನ್ನೆ ಬರಿ" ಎಂದಳು. "ಜೂನ್‌ಗೂ, ಆಮೇಲಿನ ತಿಂಗಳಿಗೂ. ನಾನು ತಿಂದಿದ್ದು ನನ್ನ ಮಗಳ ದುಡ್ಡಲ್ಲ. ಅವಳ ಬಾಯಿ ಮುಚ್ಚಿಸಿದ್ದಕ್ಕೆ ನನಗೆ ಕೊಟ್ಟ ಕೂಲಿ. ಅವಳು ಜೋವೆನ್ ಮನೆಯೋಳು ಅಂತಾನೇ ಹಾಕು. ಮದುವೆ ಮಾಡಿಕೊಟ್ಟಿದೀನಲ್ಲ."

ಬರೆದೆ. ನಾಲ್ಕು ಸೊನ್ನೆ. ಅಷ್ಟು ಭಾರದ ಅಂಕಿಯನ್ನು ನಾನು ಯಾವ ಮನೆಯಲ್ಲೂ ಬರೆದಿಲ್ಲ.

ಮಂಗಳವಾರ ಏನೂ ಇಲ್ಲ. ಬುಧವಾರ ಮಧ್ಯಾಹ್ನ ನಾನು ಮಲಂದಾಗಿನ ಕೊನೆಯ ಮನೆ ಮುಗಿಸಿ ಬರುತ್ತಿದ್ದೆ. ನಾಲ್ಕು ದಾರಿ ಕೂಡುವಲ್ಲಿ ಒಂದು ಗೂಡಂಗಡಿಯಿದೆ. ಅದರ ಗೋಡೆಗೆ ನಾಣ್ಯ ಹಾಕಿದರೆ ಇಂಟರ್‌ನೆಟ್ ಕೊಡುವ ಪೆಟ್ಟಿಗೆ. ಒಂದು ಪೆಸೊಗೆ ಕೆಲವೇ ನಿಮಿಷ. ಕುವೈತಿನಿಂದ ಕರೆ ಬಂದೀತೆಂದು ಜೋವೆನ್ ಆ ಪೆಟ್ಟಿಗೆಯ ಕೆಳಗೇ ಬಿಡಾರ ಹೂಡಿದ್ದ. ಶುಕ್ರವಾರದಿಂದ ಬಾಡಿಗೆ ಬಿಟ್ಟು ಅಲ್ಲೇ ಕೂತಿರುತ್ತಾನೆ ಎಂದು ಊರವರು ನಗುತ್ತಿದ್ದರು. ಉರ್ಸಿಂಗ್ ಅವನಿಗೆ ಊಟದ ಬಟ್ಟಲು ತಂದಿದ್ದಳು. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತಿದ್ದರು.

ನಾನು ಹತ್ತಿರ ಬರುವಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಗೊತ್ತಿಲ್ಲದ ನಂಬರು. ಅವನು ನೋಡುತ್ತಲೇ ಇದ್ದ. ಉರ್ಸಿಂಗ್ ಕಿತ್ತುಕೊಂಡು ಒತ್ತಿದಳು.

ಮೊದಲು ಯಾರೋ ಗಂಡಸಿನ ದನಿ: ಕುವೈತಿನ ಶೆಲ್ಟರಿನಿಂದ ಮಾತಾಡುತ್ತಿದ್ದೇನೆ, ತಡೆಯಿರಿ. ಅಂಗಡಿಯವಳು ಕೂಡ ತಕ್ಕಡಿ ಹಿಡಿದು ನಿಂತುಬಿಟ್ಟಳು.

"ನಾನಾಯ್?"

ಜೋವೆನ್ ಉರ್ಸಿಂಗಳ ಭುಜದ ಮೇಲಿಂದ ಬಾಗಿ ಕೂಗಿದ: "ಗ್ಲೆಂಡಾ! ಇಲ್ಲೇ ಇದೀವಿ! ನಾನೂ ಇದೀನಿ!"

"ನೀವಿಬ್ಬರೂ ಒಂದೇ ಕಡೆ?" ಎಂದಿತು ಆ ಕಡೆಯ ದನಿ. ಅದು ನಗುವೋ ಅಳುವೋ ತಿಳಿಯಲಿಲ್ಲ. "ಅಲ್ಲೇನಾಯ್ತು? ಯಾರಾದ್ರೂ ಸತ್ರಾ?"

ತುಂಡು ತುಂಡಾಗಿ ಬಂತು ಕಥೆ. ಯಜಮಾನಿ ಹೊಡೆಯುತ್ತಿದ್ದಳು. ಜೂನ್‌ನಲ್ಲಿ ಕಿಟಕಿಯಿಂದ ಇಳಿದು ಓಡುವಾಗ ಕಾಲು ಮುರಿಯಿತು. ಫೋನು, ಪಾಸ್‌ಪೋರ್ಟ್ ಎಲ್ಲ ಆ ಮನೆಯಲ್ಲೇ ಉಳಿದವು. ಓಡಿಬಂದ ಕೆಲಸದವರಿಗೆ ಆಸರೆ ಕೊಡುವ ಶೆಲ್ಟರಿಗೆ ಸೇರಿದ ಮೇಲೆ ಏಜೆನ್ಸಿಯವರು ಒಬ್ಬರು ಬಂದು, ನಿನ್ನ ಮನೆಯವರಿಗೆಲ್ಲ ತಿಳಿಸಿದ್ದೇವೆ, ಬರಿಗೈಯಲ್ಲಿ ಬರಬೇಡ ಎಂದಿದ್ದಾರೆ ಎಂದು ಹೇಳಿ ಹೋಗಿದ್ದರು. ಹಾಗಾಗಿ ಅವಳಿಗೆ ಫೋನ್ ಮಾಡುವ ಧೈರ್ಯ ಬಂದಿರಲಿಲ್ಲ.

"ನಾನ್ಯಾವಾಗ ಹಾಗಂದೆ!" ಉರ್ಸಿಂಗ್ ಕೂಗಿದಳು. "ಯಾವ ಬಾಯಲ್ಲಿ ಅಂದೆ?"

"ನಾನಾಯ್, ನಾನು ದುಡ್ಡು ಕಳಿಸೋಕಾಗ್ಲಿಲ್ಲ. ಇಷ್ಟು ತಿಂಗಳು—"

"ದುಡ್ಡಿಗೆ ಬೆಂಕಿ ಬೀಳ್ಲಿ. ಕಾಲು ಹೇಗಿದೆ ಹೇಳು. ನಡೀತೀಯಾ?"

"ಕುಂಟ್ತೀನಿ."

"ಊಟ ಮಾಡಿದ್ಯಾ?"

ಅಷ್ಟರಲ್ಲಿ ಪೆಟ್ಟಿಗೆಯ ಹಸಿರು ದೀಪ ಆರಿ ದನಿ ತುಂಡಾಯಿತು. ಜೋವೆನ್ ಜೇಬು ಒದರಿದ. ಬೆಳಗ್ಗಿನಿಂದ ಇದ್ದ ನಾಣ್ಯವನ್ನೆಲ್ಲ ಪೆಟ್ಟಿಗೆಗೆ ಹಾಕಿ ಮುಗಿಸಿದ್ದ. ಇಪ್ಪತ್ತರ ನೋಟು ಹಿಡಿದು ಅಂಗಡಿಯವಳ ಕಡೆ ಹಾರಿದ. ನನ್ನ ಚೀಲದ ತಳದಲ್ಲಿ ಜೀಪಿಗೆಂದು ಇಟ್ಟಿದ್ದ ಚಿಲ್ಲರೆ ನೆನಪಾಯಿತು. ಪೆಟ್ಟಿಗೆಯ ಸೀಳಿಗೆ ಒಂದೊಂದಾಗಿ ತುರುಕಿದೆ. ಒಂದು ನಾಣ್ಯ ಜಾರಿ ಚರಂಡಿಗೆ ಬಿತ್ತು. ಅಂಗಡಿಯವಳು ಗಲ್ಲಾ ಡಬ್ಬಿಯನ್ನೇ ತಂದು ಬೆಂಚಿನ ಮೇಲೆ ಸುರಿದಳು.

"ಹಾಕಿ, ಹಾಕಿ, ಲೆಕ್ಕ ಆಮೇಲೆ!"

ಹಸಿರು ದೀಪ ಮತ್ತೆ ಹತ್ತಿಕೊಂಡಿತು. "ಅನ್ನ, ಬೇಳೆ" ಎನ್ನುತ್ತಿತ್ತು ಆ ಕಡೆಯ ದನಿ, "ಇಲ್ಲಿ ದಿನಾ ಬೇಳೆನೇ ನಾನಾಯ್." ಉರ್ಸಿಂಗ್ ಫೋನನ್ನು ಎರಡೂ ಕೈಯಲ್ಲಿ ಕೆನ್ನೆಗೊತ್ತಿಕೊಂಡು ಕಣ್ಣು ಮುಚ್ಚಿದ್ದಳು.

"ಮಾತಾಡು. ನಿಲ್ಲಿಸ್ಬೇಡ. ಏನಾದ್ರೂ ಮಾತಾಡ್ತಾ ಇರು" ಎಂದಳು. ಜೋವೆನ್ ಪೆಟ್ಟಿಗೆಯ ಮುಂದೆ ಮೊಣಕಾಲೂರಿ, ನಾಣ್ಯ ಹಾಕುತ್ತಲೇ ಇದ್ದ.